ಒಂದೂವರೆ ಮಾತ್ರೆ

ಅಂಚೆ ಕಚೇರಿಯ ಕೌಂಟರಿನ ಹಿಂದೆ 34 ವರ್ಷ ಕುಳಿತವಳು ನಾನು. ಮನಿಯಾರ್ಡರ್ ಫಾರಂ ತುಂಬಿಕೊಡುವುದು, ಪಾಸ್‌ಪುಸ್ತಕ ಓದಿ ಹೇಳುವುದು, ಹೆಬ್ಬೆಟ್ಟಿಗೆ ಶಾಯಿ ಹಚ್ಚುವುದು, ಇಷ್ಟೇ ನನಗೆ ಬರುವ ವಿದ್ಯೆ. ನಿವೃತ್ತಿಯಾದ ಮೇಲೆ ಇದು ಯಾರಿಗೆ ಬೇಕು ಎಂದುಕೊಂಡಿದ್ದೆ. ಈಗ ನಾಲ್ಕು ವರ್ಷಗಳಿಂದ ಪ್ರತಿ ಗುರುವಾರ, ಕ್ಯಾನ್ಸರ್ ಬಂದ ಮಕ್ಕಳನ್ನು ಕರೆದುಕೊಂಡು ಬೆಂಗಳೂರಿಗೆ ಬಂದವರು ಉಳಿದುಕೊಳ್ಳುವ ಒಂದು ಧರ್ಮಶಾಲೆಗೆ ಹೋಗುತ್ತೇನೆ. ಅಲ್ಲಿಯೂ ಮಾಡುವುದು ಅದೇ ಗುಮಾಸ್ತೆಯ ಕೆಲಸ.

ಮೊದಲ ದಿನ ಬರಿಗೈಯಲ್ಲಿ ಹೋಗಬಾರದೆಂದು ಎರಡು ಕಿಲೋ ದ್ರಾಕ್ಷಿ ಒಯ್ದಿದ್ದೆ. ಸಿಂಧನೂರಿನ ಕಡೆಯ ಒಬ್ಬಳು ತಾಯಿ ಚೀಲವನ್ನು ಮರ್ಯಾದೆಯಿಂದಲೇ ಇಸಿದುಕೊಂಡು ಬಾಗಿಲ ಆಚೆ ಇಟ್ಟಳು. "ಬೇಡ ಅಕ್ಕಾ, ಇವಳಿಗೆ ಕೌಂಟ್ ಇಲ್ಲ" ಎಂದಳು. ನನ್ನ ಕಿವಿಗೆ ಅಕೌಂಟ್ ಎಂದು ಬಿತ್ತು. "ಅದಕ್ಕೇನಂತೆ, ಆಧಾರ್ ಕಾರ್ಡ್ ತನ್ನಿ, ತೆರೆಸೋಣ" ಎಂದುಬಿಟ್ಟೆ. ಆ ಕೋಣೆಯಲ್ಲಿದ್ದ ತಾಯಂದಿರೆಲ್ಲ ನಕ್ಕರು. ನಕ್ಕು ಬಹಳ ದಿನವಾಗಿತ್ತು ಎಂಬಂತೆ ನಕ್ಕರು.

ಕೌಂಟ್ ಎಂದರೆ ರಕ್ತದ ಲೆಕ್ಕ. ಕೀಮೋ ಕೊಟ್ಟ ಮೇಲೆ ಬಿಳಿ ರಕ್ತಕಣಗಳು ಇಳಿದುಹೋಗುತ್ತವೆ. ಆಗ ಸಣ್ಣ ಸೋಂಕೂ ಮಗುವಿನ ಜೀವಕ್ಕೆ ಕುತ್ತು. ಸಿಪ್ಪೆ ಸುಲಿಯಲಾಗದ ಹಣ್ಣು ಬೇಡ, ಬಾಳೆಹಣ್ಣು ಆಗಬಹುದು, ನೀರು ಕುದಿಸಿ ಆರಿಸಿದ್ದೇ ಆಗಬೇಕು. ಇದನ್ನೆಲ್ಲ ನನಗೆ ಹೇಳಿಕೊಟ್ಟವಳು ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟ ಆ ತಾಯಿ. ಕಾಯಿಲೆಯ ಹೆಸರನ್ನು ಅವಳು ಎಎಲ್‌ಎಲ್ ಎಂದು, ಊರಿನ ಹೆಸರು ಹೇಳುವಷ್ಟು ಸಲೀಸಾಗಿ ಹೇಳುತ್ತಿದ್ದಳು. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತದ ಕ್ಯಾನ್ಸರ್ ಅದು. ಚಿಕಿತ್ಸೆ ಪೂರ್ತಿಯಾದರೆ ಬಹಳಷ್ಟು ಮಕ್ಕಳು ಗುಣವಾಗುತ್ತಾರೆ.

ಪೂರ್ತಿಯಾಗಬೇಕು, ಅಷ್ಟೇ ಕಷ್ಟ. ಎರಡು, ಎರಡೂವರೆ ವರ್ಷ ಹಿಡಿಯುತ್ತದೆ. ಮೊದಲ ಕೆಲವು ತಿಂಗಳು ಎಲ್ಲರ ಕಣ್ಣೂ ಮಗುವಿನ ಮೇಲೆ. ಬೋಳು ತಲೆ ಕಂಡರೆ ಬೀದಿಯವರೂ ನೂರು ರೂಪಾಯಿ ಕೊಡುತ್ತಾರೆ, ಆಟಿಕೆ ತರುತ್ತಾರೆ, ಫೋಟೋ ತೆಗೆದುಕೊಳ್ಳುತ್ತಾರೆ (ಈ ಫೋಟೋದವರನ್ನು ಕಂಡರೆ ನನಗಾಗುವುದಿಲ್ಲ). ಆಮೇಲೆ ಕೂದಲು ಬರುತ್ತದೆ, ಮಗು ಊರಿಗೆ ಹೋಗುತ್ತದೆ, ಓಡಾಡುತ್ತದೆ. "ಚೆನ್ನಾಗಿದ್ದಾಳಲ್ಲ, ಇನ್ನೇಕೆ ಮಾತ್ರೆ, ಇನ್ನೇಕೆ ಬೆಂಗಳೂರು" ಎಂದು ಮನೆಯ ಹಿರಿಯರು ಶುರು ಮಾಡುತ್ತಾರೆ. ಒಂದು ಸಲ ಬಂದು ಹೋಗುವುದೆಂದರೆ ಇಬ್ಬರ ಬಸ್ ಖರ್ಚು, ಎರಡು ಮೂರು ದಿನದ ಕೂಲಿ. ಬಿಪಿಎಲ್ ಕಾರ್ಡಿದ್ದವರಿಗೆ ಆಯುಷ್ಮಾನ್ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ, ಹೌದು. ಆ ಕೂಲಿ ಅದರಲ್ಲಿ ಬರುವುದಿಲ್ಲ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್‌ನಲ್ಲಿ ಪೂರ್ತಿ ವಿನಾಯಿತಿ, ಜೊತೆಗಿರುವವರಿಗೆ ಶೇ. 75. ಆಸ್ಪತ್ರೆಯ ಸಹಿ, ಮೊಹರು ಇರುವ ಫಾರಂ ಬೇಕು. ಯಾದಗಿರಿಯ ಒಬ್ಬರು ಎಂಟು ತಿಂಗಳು ಪೂರ್ತಿ ದುಡ್ಡು ಕೊಟ್ಟು ಓಡಾಡಿದ್ದರು. ಅಂಥ ಫಾರಂ ಇದೆಯೆಂದೇ ಅವರಿಗೆ ಗೊತ್ತಿರಲಿಲ್ಲ. ತುಂಬಿಕೊಡಲು ನನಗೆ ಹಿಡಿದದ್ದು ಐದು ನಿಮಿಷ.

ನನ್ನ ಇನ್ನೊಂದು ಕೆಲಸ ಕ್ಯಾಲೆಂಡರಿನದು. ಊರಿಗೆ ಹೊರಡುವಾಗ ಚೀಟಿಯಲ್ಲಿ ಎರಡು ಮಾತ್ರೆ ಬರೆದಿರುತ್ತಾರೆ. ಮೊದಲನೆಯದು ಪ್ರತಿದಿನ ರಾತ್ರಿ ಕೊಡುವಂಥದ್ದು, ಅದೂ ಮಗುವಿನ ಅಳತೆಗೆ ತಕ್ಕಂತೆ ಕೆಲವು ದಿನ ಒಂದು, ಕೆಲವು ದಿನ ಒಂದೂವರೆ. ಎರಡನೆಯದನ್ನು ವಾರಕ್ಕೆ ಒಂದೇ ದಿನ ಕೊಡಬೇಕು. ಅದನ್ನು ಮರೆತು ದಿನವೂ ಕೊಟ್ಟರೆ ಮಗುವಿಗೆ ದೊಡ್ಡ ಅಪಾಯ. ಸಿಂಧನೂರಿನವಳ ಕೈಯಲ್ಲಿದ್ದ ಎರಡೂ ಹಳದಿ ಮಾತ್ರೆಗಳೇ. ಓದುಬರಹ ಕಡಿಮೆ ಇರುವ ಮನೆಯಲ್ಲಿ ಇಂಗ್ಲಿಷ್ ಚೀಟಿ ಏನು ಮಾಡೀತು? ನಮ್ಮ ಮನೆಯ ಗೋಡೆಯಲ್ಲಿದ್ದ ಬೆಂಗಳೂರು ಪ್ರೆಸ್ ಕ್ಯಾಲೆಂಡರನ್ನೇ ತಂದು ಬಿಚ್ಚಿ ಹಾಸಿದೆ. ಒಂದು ಮಾತ್ರೆಯ ದಿನಕ್ಕೆ ಒಂದು ಹುಣ್ಣಿಮೆ ಚಂದ್ರ, ಒಂದೂವರೆಗೆ ಪಕ್ಕದಲ್ಲೊಂದು ಅರ್ಧಚಂದ್ರ. ವಾರದ ಮಾತ್ರೆಗೆ ಭಾನುವಾರಗಳಲ್ಲಿ ಮಾತ್ರ ಕೆಂಪು ಚೌಕ. ವೈದ್ಯರಿಗೆ ತೋರಿಸಿ, ಅವರು ಸರಿಯೆಂದ ಮೇಲೆ ಕೊಟ್ಟೆ. ಮಾತ್ರೆ ನುಂಗಿದ ಮೇಲೆ ಚಂದ್ರನನ್ನು ಕಪ್ಪು ಮಾಡುವ ಕೆಲಸ ಹುಡುಗಿಯದು. ಅವಳು ಗ್ರಹಣ ಹಿಡಿಸುವುದು ಎನ್ನುತ್ತಾಳೆ.

ಕ್ಯಾಲೆಂಡರಿನ ಹಿಂಬದಿಗೆ ಒಂದೇ ಸಾಲು ಬರೆಯುತ್ತೇನೆ: ಜ್ವರ 100.4 ದಾಟಿದರೆ ಊರಿನ ಅಂಗಡಿಯ ಮಾತ್ರೆ ಕೊಟ್ಟು ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಫೋನ್ ಮಾಡಿ. ಜೊತೆಗೊಂದು ಥರ್ಮಾಮೀಟರ್. ಆಟಿಕೆಗೆ ಕೊಡುವ ದುಡ್ಡನ್ನು ಅದಕ್ಕೆ ಕೊಡಿ ಎಂದು ನನ್ನ ಹಳೆಯ ಸಹೋದ್ಯೋಗಿಗಳನ್ನು ಪೀಡಿಸುತ್ತಿರುತ್ತೇನೆ.

ಈ ಹುಡುಗಿಗೆ ತಿಂಗಳಲ್ಲಿ ಐದು ದಿನ ಸ್ಟೆರಾಯ್ಡ್ ಇರುತ್ತದೆ. ಆಗ ಅವಳ ಹಸಿವು ಹಸಿವಲ್ಲ, ಬೆಂಕಿ. ಒಮ್ಮೆ ಧರ್ಮಶಾಲೆಯಲ್ಲಿ ಬೆಳಗಿನ ಐದಕ್ಕೆ ಎದ್ದು ವಗ್ಗರಣೆ ಮಿರ್ಚಿ ಬೇಕೆಂದು ಅತ್ತಳಂತೆ. ಹೊರಗಿನ ತಿಂಡಿ ಕೂಡದು. ತಾಯಿ ಮಂಡಕ್ಕಿ ತೊಯಿಸಿ, ಈರುಳ್ಳಿ ಹಾಕಿ, ಬಿಸಿಬಿಸಿ ಒಗ್ಗರಣೆ ಕೊಟ್ಟು, ಒಲೆಯ ಪಕ್ಕದಲ್ಲೇ ಕೂರಿಸಿ ತಿನ್ನಿಸಿದಳು. ನಾನು ಹೋಗುವಷ್ಟರಲ್ಲಿ ಇಡೀ ಮಹಡಿಗೆ ಇಂಗಿನ ವಾಸನೆ, ಹುಡುಗಿ ಎರಡನೆಯ ತಟ್ಟೆ ಮುಗಿಸಿ ಮೂರನೆಯದಕ್ಕೆ ಹಟ ಹಿಡಿದಿದ್ದಳು.

ಕಳೆದ ವಾರ ಊರಿನಿಂದ ತಾಯಿಯ ಫೋನು. ಬೆನ್ನಿನ ಇಂಜೆಕ್ಷನ್‌ಗೆ ಕೊಟ್ಟ ದಿನ ಅಮಾವಾಸ್ಯೆ ಬಿದ್ದಿದೆ, ಅತ್ತೆ ಹೊರಡಲು ಬಿಡುತ್ತಿಲ್ಲ. ವಾದ ಮಾಡಿ ಪ್ರಯೋಜನವಿಲ್ಲ ಎಂದು ಕೌಂಟರಿನ ಅನುಭವ ಹೇಳಿತು. ನನ್ನ ಗೋಡೆಯ ಕ್ಯಾಲೆಂಡರ್ ನೋಡಿದೆ. ಅಮಾವಾಸ್ಯೆ ಹಿಡಿಯುವುದು ಆ ದಿನ ಬೆಳಗ್ಗೆ ಏಳರ ನಂತರ. ಬಸ್ಸು ಹಿಂದಿನ ರಾತ್ರಿಯೇ ಹೊರಡುತ್ತದೆ. "ಅತ್ತೆಗೆ ಫೋನ್ ಕೊಡು" ಎಂದೆ. ಹಿರಿಯಾಕೆ ಎಲ್ಲ ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ಬಸ್ಸು ತಡವಾಗುವುದಿಲ್ಲ ತಾನೇ ಎಂದು ಕೇಳಿದರು.