ಜೇನು ಬಿಟ್ಟ ನಲವತ್ತು ದಿನ: ನೋಟ್‌ಬುಕ್ ಎಲ್ಲಿಯವರೆಗೆ ಬಂತು

ಮಾರ್ಚ್ 5, 2025, ಬುಧವಾರ

ಬೆಳಿಗ್ಗೆ ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚಿಗೆ ಹೋಗಿ ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದೆವು. ಬರುವ ದಾರಿಯಲ್ಲಿ ಇನ್ನೂರು ಪುಟದ ಗೆರೆ ನೋಟ್‌ಬುಕ್ ಒಂದು ಕೊಂಡೆ. ಈಸ್ಟರ್‌ಗೆ ಮೊದಲಿನ ನಲವತ್ತು ದಿನದ ಈ ತಪಸ್ಸು ಕಾಲಕ್ಕೆ ನನ್ನ ಕೆಲಸ ಇದು: ಬೈಬಲಿನಲ್ಲಿ ಹಸಿದಾಗ ಯಾರು ಆಸೆಗೆ ಬಿದ್ದರು, ಯಾರು ತಡೆದುಕೊಂಡರು, ಆ ಕಥೆಗಳನ್ನೆಲ್ಲ ಈಸ್ಟರ್ ಒಳಗೆ ಕೈಯಲ್ಲಿ ಬರೆದು ಮುಗಿಸಬೇಕು. ಎಡಪುಟಕ್ಕೆ ಕಥೆ, ಬಲಪುಟಕ್ಕೆ ಅವತ್ತಿನ ನನ್ನ ಪಾಡು. ಹತ್ತು ಕಥೆ ಗುರಿ.

ಜೊತೆಗೆ, ಜೇನು ಮುಟ್ಟುವುದಿಲ್ಲ. ಶುಕ್ರವಾರ ಮಾಂಸ ಬಿಡುವುದು ಹೇಗೂ ಎಲ್ಲರಿಗೂ ಇದ್ದದ್ದೇ. ಜೇನು ಬಿಡುವುದೇನು ಮಹಾ ಅನ್ನಬೇಡಿ. ನಮ್ಮ ಹಿತ್ತಲಲ್ಲಿ ತುಡುವೆ ಜೇನುಹುಳುಗಳ ಎರಡು ಪೆಟ್ಟಿಗೆ ಇವೆ. ಕಾಫಿ ಹೂ ಬಿಡುವುದು, ಪೆಟ್ಟಿಗೆ ತುಂಬುವುದು, ಎಲ್ಲ ಸರಿಯಾಗಿ ಈ ದಿನಗಳಲ್ಲೇ. ಮನೆಯವಳು ಕೇಳಿದಳು, "ಬಿಡೋದಕ್ಕೆ ಬೇರೇನೂ ಸಿಗಲಿಲ್ವಾ ನಿಮಗೆ?"

ಮಾರ್ಚ್ 9, ಭಾನುವಾರ

ಚರ್ಚಿನ ಪೂಜೆಯಲ್ಲಿ ಲೂಕನ ಸುವಾರ್ತೆಯ 4ನೇ ಅಧ್ಯಾಯ ಓದಿದರು. ಯೇಸುಸ್ವಾಮಿ ಅಡವಿಯಲ್ಲಿ ನಲವತ್ತು ದಿನ ಇದ್ದದ್ದು, ಸೈತಾನ ಮೂರು ಸಲ ಬಂದದ್ದು. ಈ ಕಥೆ ಎಷ್ಟು ಸಲ ಕೇಳಿಲ್ಲ! ಆದರೆ ಇವತ್ತು ಒಂದು ವಿಷಯ ಕಿವಿಗೆ ಬಿತ್ತು. ಅದಕ್ಕೂ ಮೊದಲು ನಾವೆಲ್ಲ ಸೇರಿ ಹಾಡಿದ್ದು 91ನೇ ಕೀರ್ತನೆ. ನಿನ್ನ ಕಾಲು ಕಲ್ಲಿಗೆ ತಗಲದಂತೆ ದೂತರು ಕೈಯಲ್ಲಿ ಎತ್ತಿಕೊಳ್ಳುತ್ತಾರೆ ಅನ್ನುವ ಕೀರ್ತನೆ. ಸ್ವಲ್ಪ ಹೊತ್ತಿಗೆ ದೇವಾಲಯದ ಶಿಖರದ ಮೇಲೆ ನಿಂತು ಸೈತಾನ ಹೇಳುವುದೂ ಅದೇ ಸಾಲು! ನಾವು ಹಾಡಿದ್ದನ್ನೇ ಅವನೂ ಹೇಳಿದ.

ಮನೆಗೆ ಬಂದು ಎರಡನ್ನೂ ಎದುರುಬದುರು ಬರೆದೆ. ಸೈತಾನ 12ನೇ ವಚನಕ್ಕೆ ನಿಲ್ಲಿಸುತ್ತಾನೆ. ಕೀರ್ತನೆಯಲ್ಲಿ ಮುಂದಿನದೇ ಸಿಂಹವನ್ನೂ ಸರ್ಪವನ್ನೂ ತುಳಿಯುವ ಮಾತು. ಅದನ್ನು ಅವನು ಯಾಕೆ ಹೇಳಿಯಾನು!

ಇದೇ ಕಥೆ ಬರೆದ ಮತ್ತಾಯ, ಮಾರ್ಕ, ಲೂಕ ಮೂವರನ್ನೂ ಮೂರು ಕಾಲಂ ಮಾಡಿ ಇಳಿಸಿದೆ. ಮಾರ್ಕನದು ಎರಡೇ ವಚನ. ಅದರಲ್ಲಿ ಉಪವಾಸದ ಸುದ್ದಿಯೇ ಇಲ್ಲ. ಕಾಡುಪ್ರಾಣಿಗಳಿವೆ, ದೂತರಿದ್ದಾರೆ, ಅಷ್ಟೇ. ಮತ್ತಾಯನಲ್ಲಿ ಎರಡನೆಯದಾಗಿ ಬರುವ ಶಿಖರದ ಪರೀಕ್ಷೆ ಲೂಕನಲ್ಲಿ ಕೊನೆಗೆ ಹೋಗಿದೆ. ಯೇಸು ಕೊಡುವ ಮೂರು ಉತ್ತರಗಳೂ ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡದ 6 ಮತ್ತು 8ನೇ ಅಧ್ಯಾಯದಿಂದ ಬಂದವು. ಅಲ್ಲಿ ಮೋಶೆ ಜನರಿಗೆ ನೆನಪಿಸುವುದು ಅಡವಿಯಲ್ಲಿ ಕಳೆದ ನಲವತ್ತು ವರ್ಷದ ಹಸಿವನ್ನು.

ಬರೆಯುವಾಗ ನಿಂತದ್ದು ಒಂದೇ ಕಡೆ. ನಲವತ್ತು ದಿನ ಮುಗಿದ ಮೇಲೆ ಹಸಿವಾಯಿತು ಅನ್ನುತ್ತಾರೆ ಮತ್ತಾಯ, ಲೂಕ ಇಬ್ಬರೂ. ಕಲ್ಲನ್ನು ರೊಟ್ಟಿ ಮಾಡು ಅನ್ನುವ ಸೈತಾನನ ಮಾತು ಬರುವುದು ಆಗ. ನನ್ನದಿನ್ನೂ ಐದನೇ ದಿನ.

ಮಾರ್ಚ್ 17

ಸ್ಪ್ರಿಂಕ್ಲರ್ ಹಾಕಿ ಒಂಬತ್ತು ದಿನಕ್ಕೆ ರೊಬಸ್ಟಾ ಹೂ ಬಿಟ್ಟಿದೆ. ತೋಟವೆಲ್ಲ ಬಿಳಿ. ವಾಸನೆಗೆ ತಲೆ ತಿರುಗುತ್ತದೆ. ಪೆಟ್ಟಿಗೆ ಬಾಗಿಲಲ್ಲಿ ಹುಳುಗಳ ಜಾತ್ರೆ. ಏಸಾವನ ಕಥೆ, ದಾನಿಯೇಲನ ಮೂರು ವಾರದ ಉಪವಾಸದ ಕಥೆ ಬರೆದು ಮುಗಿಸಿದೆ. ಏಸಾವನದು ಉಪವಾಸವಲ್ಲ, ಬರೀ ಹಸಿವು. ಆದರೂ ಸೇರಿಸಿಕೊಂಡೆ. ಒಂದು ಬಟ್ಟಲು ಬೇಳೆ ಸಾರಿಗೆ ಹಿರಿಮಗನ ಹಕ್ಕು ಮಾರಿದವನನ್ನು ಬಿಡುವುದು ಹೇಗೆ?

ಮಾರ್ಚ್ 28, ಶುಕ್ರವಾರ

ಪಕ್ಕದ ತೋಟದ ಅಣ್ಣನ ಮನೆ ಒಕ್ಕಲು. ಪಂದಿ ಕರಿ ಅಂದರೆ ಹಂದಿ ಸಾರು, ಜೊತೆಗೆ ಅಕ್ಕಿಯ ಉಂಡೆ ಕಡಂಬುಟ್ಟು. ನಾನು ಸೊಪ್ಪಿನ ಪಲ್ಯ ಹಾಕಿಸಿಕೊಂಡು ಕೂತೆ. ಅಣ್ಣ ಬಂದು, "ನಿಮ್ಮ ಫಾದರನ್ನೇ ಕೇಳಿದ್ದೀನಿ, ಮನೆ ಒಕ್ಕಲಿಗೆ ದೋಷ ಇಲ್ವಂತೆ" ಅಂದರು. ಕೇಳಿರಲಿಲ್ಲ, ಪ್ರೀತಿಗೆ ಹೇಳಿದ್ದು. ಅಡಿಗೆಯವರು ಕೊಡಗಿನ ಹುಳಿ ಕಾಚಂಪುಳಿ ಬೇರೆ ಧಾರಾಳವಾಗಿ ಹಾಕಿದ್ದರು, ದೂರದಿಂದಲೇ ಗೊತ್ತಾಗುತ್ತಿತ್ತು. ಹೇಗೋ ತಪ್ಪಿಸಿಕೊಂಡು ಬಂದೆ.

ರಾತ್ರಿ ಬರೆದದ್ದು ಬೈಬಲಿನ 1 ಅರಸುಗಳು 13ನೇ ಅಧ್ಯಾಯ. ಈ ಕಥೆ ಯಾರೂ ಜಾಸ್ತಿ ಹೇಳುವುದಿಲ್ಲ, ಯಾಕೋ. ಬೇತೇಲಿನಲ್ಲಿ ಏನೂ ತಿನ್ನಬೇಡ, ಕುಡಿಯಬೇಡ ಎಂದು ದೇವರು ಒಬ್ಬನನ್ನು ಕಳಿಸುತ್ತಾನೆ. ರಾಜ ಯಾರೊಬ್ಬಾಮನೇ ಊಟಕ್ಕೆ ಕರೆದ. ಅರ್ಧ ಅರಮನೆ ಕೊಟ್ಟರೂ ಬರುವುದಿಲ್ಲ ಅಂದುಬಿಟ್ಟ. ದಾರಿಯಲ್ಲಿ ಮರದ ಕೆಳಗೆ ಕೂತಿದ್ದಾಗ ಒಬ್ಬ ಮುದುಕ ಕತ್ತೆ ಏರಿ ಬಂದ. ನಾನೂ ನಿನ್ನ ಹಾಗೆ ಪ್ರವಾದಿ, ನಿನಗೆ ಊಟ ಹಾಕು ಅಂತ ದೇವದೂತ ಹೇಳಿದ ಅಂದ. ಸುಳ್ಳು. ಇವನು ಹೋದ, ತಿಂದ. ಹಿಂದಿರುಗುವಾಗ ಸಿಂಹ ಕೊಂದಿತು. ಆ ಸಿಂಹ ಹೆಣವನ್ನೂ ತಿನ್ನಲಿಲ್ಲ, ಪಕ್ಕದ ಕತ್ತೆಯನ್ನೂ ಮುಟ್ಟಲಿಲ್ಲ. ಆ ಕಥೆಯಲ್ಲಿ ಕೊನೆಯವರೆಗೂ ಬಾಯಿ ಕಟ್ಟಿದ್ದು ಸಿಂಹ ಮಾತ್ರ.

ರಾಜನಿಗೆ ಇಲ್ಲ ಅಂದವನು ಮುದುಕನಿಗೆ ಹೂಂ ಅಂದ. ಬಲಪುಟದಲ್ಲಿ ಅಣ್ಣನ ಮಾತು ಬರೆದಿಟ್ಟಿದ್ದೇನೆ. ನಾಳೆ ಓದಿ ತೋರಿಸಿದರೆ ನಗುತ್ತಾರೆ.

ಏಪ್ರಿಲ್ 6, ಭಾನುವಾರ

ಬಿದ್ದೆ.

ಜೇನು ಕೋಣೆಯ ಎರಿಗಳಿಗೆ ಮುಕ್ಕಾಲು ಪಾಲು ಮೇಣ ಮುಚ್ಚಿತ್ತು. ಮೇಣ ಕೊಯ್ದು, ಯಂತ್ರದಲ್ಲಿ ತಿರುಗಿಸಿ ತೆಗೆದೆವು. ಎರಡೂ ಪೆಟ್ಟಿಗೆ ಸೇರಿ ನಾಲ್ಕು ಕಿಲೋ ಮೇಲೆ. ಬೆಳಿಗ್ಗೆಯಿಂದ ತಲೆಯಲ್ಲಿ ಒಂದೇ ಮಾತು: ಭಾನುವಾರ ಉಪವಾಸದ ಲೆಕ್ಕಕ್ಕಿಲ್ಲ. ಬೂದಿ ಬುಧವಾರದಿಂದ ಈಸ್ಟರ್ ಹಿಂದಿನ ದಿನದವರೆಗೆ 46 ದಿನ, ಆರು ಭಾನುವಾರ ತೆಗೆದರೆ ನಲವತ್ತು. ಲೆಕ್ಕ ಸರಿಯೇ. ಆದರೆ ಭಾನುವಾರವೂ ಬಿಡುತ್ತೇನೆ ಅಂತ ಮೊದಲ ಪುಟದಲ್ಲಿ ಬರೆದವನು ನಾನೇ ಅಲ್ವಾ. ಆಮೇಲೆ ಇನ್ನೊಂದು ಬಂತು: ಹುಳಿ ಬಂದಿದೆಯಾ ಅಂತ ರುಚಿ ನೋಡದೆ ಬಾಟಲಿಗೆ ತುಂಬುವುದು ಹೇಗೆ? ಬೆರಳು ಬಾಯಿಗೆ ಹೋಯಿತು. ಹುಳಿ ಬಂದಿರಲಿಲ್ಲ.

ಅದಕ್ಕೇ ಇವತ್ತು ಯೋನಾತಾನನ ಕಥೆ, 1 ಸಮುವೇಲ 14. ಸಂಜೆಯವರೆಗೆ ಯಾರೂ ತಿನ್ನಬಾರದೆಂದು ಅವನ ಅಪ್ಪ, ರಾಜ ಸೌಲ, ಸೈನ್ಯಕ್ಕೆ ಆಣೆ ಹಾಕಿದ್ದ. ಕಾಡಿನ ನೆಲದ ಮೇಲೇ ಜೇನು ಸುರಿದಿತ್ತು. ಯಾರೂ ಮುಟ್ಟಲಿಲ್ಲ. ಆಣೆಯ ಸುದ್ದಿ ಕೇಳದ ಯೋನಾತಾನ ಕೋಲಿನ ತುದಿಯನ್ನು ಜೇನುಹುಟ್ಟಿಗೆ ಅದ್ದಿ ತಿಂದ. ಅವನ ಕಣ್ಣು ಹೊಳೆಯಿತು ಅನ್ನುತ್ತದೆ ಬೈಬಲು. ಅಪ್ಪ ಹಾಕಿದ ಆಣೆಯೇ ತಪ್ಪು ಅಂದ ಅವನು. ಸಂಜೆಗೆ ಹಸಿದ ಸೈನಿಕರು ದನ ಕಡಿದು ರಕ್ತ ಸಮೇತ ತಿಂದರು. ಸೌಲ ಮಗನನ್ನೇ ಕೊಲ್ಲಲು ಹೊರಟಾಗ ಜನ ಅಡ್ಡ ಬಂದು ಉಳಿಸಿದರು.

ಯೋನಾತಾನನ ಹಿಂದೆ ಅಡಗಿಕೊಳ್ಳೋಣ ಅನ್ನಿಸಿತು. ಆಗುವುದಿಲ್ಲ. ಅವನಿಗೆ ಆಣೆ ಗೊತ್ತಿರಲಿಲ್ಲ, ನನ್ನದು ನಾನೇ ಹಾಕಿಕೊಂಡದ್ದು. ಕಣ್ಣು ಹೊಳೆದದ್ದು ಮಾತ್ರ ನಿಜ.

ಏಪ್ರಿಲ್ 18, ಶುಭ ಶುಕ್ರವಾರ

ನಲವತ್ತು ದಿನ ಉಪವಾಸ ಇದ್ದ ಮೋಶೆ, ಎಲೀಯ ಇಬ್ಬರ ಕಥೆಯೂ ಕಳೆದ ವಾರ ಮುಗಿಯಿತು. ಇವತ್ತು ಬರೆದದ್ದು ಮತ್ತಾಯ 27. ಶಿಲುಬೆಗೆ ಹಾಕುವ ಮೊದಲು ಕಹಿ ಬೆರೆಸಿದ ದ್ರಾಕ್ಷಾರಸ ಕೊಡುತ್ತಾರೆ. ಯೇಸು ರುಚಿ ನೋಡಿ ಬೇಡ ಅನ್ನುತ್ತಾರೆ. ಅದಕ್ಕಾಗಿಯೇ ಈ ಅಧ್ಯಾಯ ಆರಿಸಿದ್ದು. ಆದರೆ 40ನೇ ವಚನಕ್ಕೆ ಬಂದಾಗ ಕೈ ನಿಂತಿತು. "ನೀನು ದೇವರ ಪುತ್ರನಾಗಿದ್ದರೆ" ಶಿಲುಬೆಯಿಂದ ಇಳಿದು ಬಾ ಅನ್ನುತ್ತಾರೆ ದಾರಿಹೋಕರು. ಈ ಸಾಲು ಎಲ್ಲೋ ಬರೆದಿದ್ದೇನಲ್ಲ ಅಂತ ಹಿಂದಿನ ಪುಟ ತಿರುಗಿಸಿದೆ. ಮಾರ್ಚ್ 9. ಕಲ್ಲು ರೊಟ್ಟಿಯಾಗಲಿ ಅನ್ನುವಾಗಲೂ, ಶಿಖರದಿಂದ ಧುಮುಕು ಅನ್ನುವಾಗಲೂ ಸೈತಾನ ಶುರುಮಾಡುವುದು ಇದೇ ಮಾತಿನಿಂದ. ಸರಿಯಾದ ಸಮಯ ಬರುವವರೆಗೆ ಅವನು ಬಿಟ್ಟುಹೋದ ಅಂತ ಲೂಕ ಬರೆದದ್ದು ನೆನಪಾಯಿತು. ಇಷ್ಟು ವರ್ಷ ಕೇಳಿದ್ದೇನೆ, ಒಮ್ಮೆಯೂ ಗಮನಿಸಿರಲಿಲ್ಲ.

ಎಂಟು ಕಥೆ ಆಯಿತು. ಎರಡು ಬಾಕಿ. ಒಂದು, ಅಡವಿಯಲ್ಲಿ ದೇವರು ಕೊಟ್ಟ ಮನ್ನ ತಿಂದು ಬೇಜಾರಾಗಿ ಮಾಂಸಕ್ಕೆ ಅತ್ತ ಜನರದು. ಇನ್ನೊಂದು, ಯೇಸುವಿನ ಸುದ್ದಿ ಸಾರುತ್ತಿದ್ದ ಪೌಲನನ್ನು ಕೊಲ್ಲುವವರೆಗೆ ತಿನ್ನುವುದಿಲ್ಲ, ಕುಡಿಯುವುದಿಲ್ಲ ಎಂದು ಆಣೆ ಹಾಕಿಕೊಂಡ ನಲವತ್ತಕ್ಕೂ ಹೆಚ್ಚು ಜನರದು. ಪೌಲ ತಪ್ಪಿಸಿಕೊಂಡ. ಇವರು ಆಮೇಲೆ ಊಟ ಮಾಡಿದರಾ ಅನ್ನುವುದನ್ನು ಬೈಬಲು ಹೇಳುವುದಿಲ್ಲ.

ಭಾನುವಾರ ಬೆಳಿಗ್ಗೆ ಅಕ್ಕಿ ರೊಟ್ಟಿ. ಬಾಟಲಿ ಅಟ್ಟದ ಮೇಲೆ ಇದೆ.