ರೆಫರ್ ಮಾಡಿದ ಮೇಲೆ ಎಂತ ಆಯ್ತು? ನಮ್ಮ ಕುಮಟಾ ಗುಂಪಿನ ಲಾಗ್

ಗುಂಪಿಗೆ ಇನ್ನೂ ಹೆಸರಿಟ್ಟಿಲ್ಲ, ಇಡೋ ವಿಚಾರವೂ ಇಲ್ಲ. ಹೆಸರಿಟ್ರೆ ಬ್ಯಾನರ್ ಬರ್ತದೆ, ಬ್ಯಾನರ್ ಬಂದ್ರೆ ಉದ್ಘಾಟನೆ, ಉದ್ಘಾಟನೆ ಅಂದ್ರೆ ಮುಖ್ಯ ಅತಿಥಿ, ಆಮೇಲೆ ನಾವು ಹಿಂದಿನ ಸಾಲಲ್ಲಿ ಕುರ್ಚಿ ಜೋಡಿಸ್ತಾ ನಿಂತಿರ್ಬೇಕು.

ಹೊಸದಾಗಿ ಓದೋರಿಗೆ ಸ್ವಲ್ಪ ಹಿಂದಿನ ಕತೆ. ನಾವೆಲ್ಲ ಉತ್ತರ ಕನ್ನಡದ ಕಿರಿಯ ಡಾಕ್ಟರ್‌ಗಳು, ಡ್ಯೂಟಿಯ ಭಾರ ತಲೆಯಲ್ಲಿ ಉಳಿದಾಗ ಒಬ್ಬರ ಮಾತು ಇನ್ನೊಬ್ಬರು ಕೇಳೋಕೆ ಅಂತ ಸೇರೋರು. ಕೆಲವರು ಹೌಸ್ ಸರ್ಜನ್, ಕೆಲವರು ಪಿಜಿ (ಎಂಬಿಬಿಎಸ್ ಆದ ಮೇಲಿನ ಓದು), ಇನ್ನು ಕೆಲವರು ನನ್ನ ಹಾಗೆ ಕಡ್ಡಾಯ ಗ್ರಾಮೀಣ ಸೇವೆ ಅಂತ ಘಟ್ಟದ ಮೇಲಿನ ಪಿಎಚ್‌ಸಿಯಲ್ಲಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಕೂತವರು. ಕೆಲಸ ಮಾಡೋ ಜಾಗ ಬೇರೆ ಬೇರೆ, ಕಾಲೇಜು ಬೇರೆ ಬೇರೆ, ಅದೇ ಒಳ್ಳೇದಾಯ್ತು, ಒಬ್ಬರ ಯೂನಿಟ್ ಚೀಫ್ ಬಗ್ಗೆ ಇನ್ನೊಬ್ಬರಿಗೆ ಹೇಳಿದ್ರೆ ಅದು ಅಲ್ಲಿಗೇ ಮುಗೀತದೆ. ಸೇರೋದು ಕುಮಟಾದಲ್ಲಿ, ಯಾಕಂದ್ರೆ ಕಾರವಾರದ ಕಡೆಯವರಿಗೆ ಹೆದ್ದಾರಿನೂ ಇದೆ ರೈಲೂ ಇದೆ, ಶಿರಸಿಯವರು ದೇವಿಮನೆ ಘಟ್ಟ ಇಳಿದ್ರೆ ಆಯ್ತು (ಮಳೆಗಾಲದಲ್ಲಿ ಘಟ್ಟ ಇಳಿಸ್ತದೋ ಇಲ್ವೋ ಅನ್ನೋದು ಬೇರೆ ವಿಷಯ). ಒಬ್ಬರ ಮನೆ ಜಗಲಿ, ಚಾ, ಬನ್ಸ್, ಬಿಸಿಲು ತಗ್ಗಿದ ಮೇಲೆ ವನ್ನಳ್ಳಿ ಕಡೆ ಒಂದು ಸುತ್ತು. ಖರ್ಚು ಅಂದ್ರೆ ಇಷ್ಟೇ.

ಏಪ್ರಿಲ್, ಮೇ

ಶುರು ಮಾಡಿದ್ದು ಬ್ಯಾಲಿಂಟ್ ಗ್ರೂಪ್ ಅಂತಾರಲ್ಲ, ಆ ಮಾದರಿಯಲ್ಲಿ. 1950ರ ದಶಕದಲ್ಲಿ ಲಂಡನ್ನಿನಲ್ಲಿ ಮೈಕೆಲ್ ಬ್ಯಾಲಿಂಟ್ ಅನ್ನೋ ಹಂಗೇರಿ ಮೂಲದ ಮನೋವಿಶ್ಲೇಷಕ ಸಾಮಾನ್ಯ ಡಾಕ್ಟರ್‌ಗಳನ್ನ ಕೂರಿಸ್ಕೊಂಡು ಮಾಡ್ತಾ ಇದ್ದದ್ದು. ಒಬ್ಬರು ತಮಗೆ ತಲೆಯಿಂದ ಹೋಗದೇ ಇರೋ ಒಬ್ಬ ಪೇಷೆಂಟ್ ಬಗ್ಗೆ ಹೇಳೋದು, ಫೈಲ್ ಇಲ್ಲ, ಎಕ್ಸ್‌ರೇ ಇಲ್ಲ, ನೆನಪಿದ್ದಷ್ಟು. ಹೇಳಿ ಮುಗಿದ ಮೇಲೆ ಅವರು ಕುರ್ಚಿ ಸ್ವಲ್ಪ ಹಿಂದೆ ಎಳ್ಕೊಂಡು ಸುಮ್ನೆ ಕೂತ್ಕೊಳ್ಳೋದು, ಉಳಿದವರು ಆ ಪೇಷೆಂಟಿಗೆ ಹೇಗೆ ಅನ್ಸಿರ್ಬಹುದು, ಆ ಡಾಕ್ಟರಿಗೆ ಹೇಗೆ ಅನ್ಸಿರ್ಬಹುದು ಅಂತ ಮಾತಾಡೋದು. ಕುರ್ಚಿ ಹಿಂದೆ ಎಳೆಯೋದು ನೋಡೋಕೆ ನಾಟಕದ ಹಾಗೆ ಕಾಣ್ತದೆ, ಆದ್ರೆ ಕೆಲಸ ಮಾಡ್ತದೆ ಮಾರ್ರೆ. ಎಲ್ಲರೂ ನಿಮ್ಮನ್ನೇ ನೋಡ್ಕೊಂಡು ಪ್ರಶ್ನೆ ಹಾಕೋದು ನಿಂತಾಗ ಭುಜ ಒಂದು ಇಂಚು ಕೆಳಗೆ ಇಳೀತದೆ, ಕಣ್ಣಿಗೆ ಕಾಣ್ತದೆ ಅದು.

ಕಷ್ಟ ಎಂತ ಅಂದ್ರೆ ಡಾಕ್ಟರ್‌ಗಳಿಗೆ ಸುಮ್ನೆ ಕೇಳೋಕೆ ಬರೋದಿಲ್ಲ. ಹಳಿಯಾಳದ ಹುಡುಗಿ ಒಬ್ಬಳು ತನ್ನ ಪಿಪಿಎಚ್ (ಹೆರಿಗೆ ಆದ ಮೇಲಿನ ವಿಪರೀತ ರಕ್ತಸ್ರಾವ) ಕೇಸ್ ಬಗ್ಗೆ ಹೇಳ್ತಾ ಇದ್ದಾಳೆ, ಕೈ ನಡುಗ್ತಾ ಇದೆ, ಇಲ್ಲಿ ಒಬ್ಬ "ಆಕ್ಸಿಟೋಸಿನ್ ಎಷ್ಟು ಯೂನಿಟ್ ಹಾಕಿದ್ರಿ?" ಅಂತ. ಅವ ಕೆಟ್ಟವ ಅಲ್ಲ, ಐದೂವರೆ ವರ್ಷ ಅದನ್ನೇ ಕಲಿಸಿದಾರೆ. ಅದಕ್ಕೆ ಅವತ್ತೇ ಒಂದು ನಿಯಮ ಆಯ್ತು, "ನಾನಾಗಿದ್ರೆ" ಅಂತ ಶುರುವಾಗೋ ವಾಕ್ಯ ಇಲ್ಲಿ ಬೇಡ, ಡೋಸ್ ಕೇಳೋದು ಬೇಡ, ಸರಿ ತಪ್ಪು ನೋಡೋಕೆ ಡೆತ್ ಆಡಿಟ್ ಅಂತ ಬೇರೆ ಇದೆ, ಅದು ಅಲ್ಲೇ ಆಗ್ಲಿ. ಇನ್ನೊಂದು, ಸರ್ ಮ್ಯಾಮ್ ಬಿಟ್ಟು ಅಕ್ಕ ಅಣ್ಣ ಅಂತ ಕರೀರಿ ಅಂದೆವು. ಮೊದಮೊದಲು "ಅಕ್ಕ ಮ್ಯಾಮ್" ಅಂತ ಎರಡೂ ಸೇರಿಸಿ ಕರೀತಾ ಇದ್ರು, ಈಗ ಬರೀ "ಅಕ್ಕ".

ಯಾರನ್ನೂ ಒತ್ತಾಯ ಮಾಡಿ ನಡೆದದ್ದು ಪೂರ್ತಿ ಹೇಳಿಸೋದಿಲ್ಲ. ಇದು ನಮ್ಮ ದಾಕ್ಷಿಣ್ಯ ಅಲ್ಲ, ಇದಕ್ಕೆ ಸರಿಯಾದ ಕಾರಣ ಇದೆ. ಆಘಾತ ಆದ ತಕ್ಷಣ ಒಬ್ಬೊಬ್ಬರನ್ನೂ ಒಂದು ಸಲ ಕೂರಿಸಿ ವಿವರವಾಗಿ ಹೇಳಿಸೋ ಡಿಬ್ರೀಫಿಂಗ್ ಒಂದು ಕಾಲದಲ್ಲಿ ಬಹಳ ಚಾಲ್ತಿಯಲ್ಲಿತ್ತು, 2002ರ ಕಾಕ್ರೇನ್ ರಿವ್ಯೂ (ಒಂದು ವಿಷಯದ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡೋ ವರದಿ) ಅದರಿಂದ ಪಿಟಿಎಸ್‌ಡಿ (ಆಘಾತದ ನಂತರ ಉಳಿಯೋ ಮಾನಸಿಕ ಕಾಯಿಲೆ) ತಪ್ಪೋದಿಲ್ಲ, ಕೆಲವರಿಗೆ ಹೆಚ್ಚೂ ಆಗಬಹುದು ಅಂತ ಹೇಳಿತು. ಹಾಗಾಗಿ ನಮ್ಮಲ್ಲಿ ಚಾ ಕುಡಿದು ಒಂದು ಮಾತೂ ಆಡದೆ ಎದ್ದು ಹೋಗಬಹುದು. ಹಾಗೆ ಹೋಗೋರೂ ಇದ್ದಾರೆ, ಮುಂದಿನ ಸಲ ಮತ್ತೆ ಬರ್ತಾರೆ.

ಜೂನ್, ಜುಲೈ

ಮಳೆ ಹಿಡೀತು, ಸೇರೋದು ಕಷ್ಟ ಆಯ್ತು. ಆವಾಗ ಫೋನ್ ಜೋಡಿ ಶುರು ಮಾಡಿದ್ದು. ಒಬ್ಬ ಜೂನಿಯರ್, ಅವನಿಗಿಂತ ಒಂದೆರಡು ಬ್ಯಾಚ್ ದೊಡ್ಡವರೊಬ್ಬರು, ಇಬ್ಬರೂ ಒಂದೇ ಆಸ್ಪತ್ರೆಯವರಾಗಿರಬಾರದು. ಡ್ಯೂಟಿಯಲ್ಲಿ ಕೆಟ್ಟದ್ದೇನಾದ್ರೂ ಆದ್ರೆ ಜೂನಿಯರ್ ಬರೀ ಒಂದು ಚುಕ್ಕೆ ಮೆಸೇಜ್ ಹಾಕಿದ್ರೆ ಸಾಕು, 24 ಗಂಟೆ ಒಳಗೆ ದೊಡ್ಡವರೇ ಫೋನ್ ಮಾಡ್ಬೇಕು.

ಈ ಐಡಿಯಾ ನಮ್ಮದಲ್ಲ. ಪೇಷೆಂಟಿಗೆ ಹೆಚ್ಚು ಕಮ್ಮಿ ಆದಾಗ ನೋಡಿಕೊಂಡ ಡಾಕ್ಟರ್ ನರ್ಸ್ ಕೂಡ ಒಳಗೆ ಕುಸೀತಾರೆ ಅಂತ 2000ದಲ್ಲಿ ಆಲ್ಬರ್ಟ್ ವೂ ಅನ್ನೋ ಅಮೆರಿಕದ ಡಾಕ್ಟರ್ ಬಿಎಂಜೆ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ರು, ಆಮೇಲೆ ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದ ಆಸ್ಪತ್ರೆಯವರು, ಜಾನ್ಸ್ ಹಾಪ್ಕಿನ್ಸ್‌ನವರು ಸಹೋದ್ಯೋಗಿಗಳನ್ನೇ ಟ್ರೈನ್ ಮಾಡಿ ಟೀಮ್ ಕಟ್ಟಿದ್ರು. ಮಿಸೌರಿಯವರದ್ದು ಮೂರು ಮೆಟ್ಟಿಲು. ಮೊದಲು ಪಕ್ಕದಲ್ಲೇ ಕೆಲಸ ಮಾಡೋರು, ಆಮೇಲೆ ಟ್ರೈನಿಂಗ್ ಆದ ಸಂಗಾತಿಗಳು, ಅದಕ್ಕೂ ಮೀರಿದ್ರೆ ಮನೋವೈದ್ಯರು ಅಥವಾ ಕೌನ್ಸೆಲರ್. ನಾವು ಮೊದಲ ಮೆಟ್ಟಿಲಿನವರು ಅಷ್ಟೇ, ಅದಕ್ಕಿಂತ ಮೇಲೆ ಹತ್ತೋ ಯೋಗ್ಯತೆ ನಮಗಿಲ್ಲ, ಹತ್ತೋಕೂ ಹೋಗಬಾರದು.

ಫೋನ್ ಮಾಡಿದವರು ಕೇಳೋದು ಮೂರೇ. ಊಟ ಆಯ್ತಾ, ನಿದ್ದೆ ಬಂತಾ, ಮುಂದಿನ ಡ್ಯೂಟಿ ಯಾವಾಗ. ಇಷ್ಟಕ್ಕೆ ಎಂತ ಆಗ್ತದೆ ಅಂತ ನನಗೂ ಅನುಮಾನ ಇತ್ತು, ಆದ್ರೆ ಊಟ ಆಯ್ತಾ ಅಂತ ಕೇಳಿದ ಕೂಡ್ಲೇ ಅಳು ಬರೋದು ಜಾಸ್ತಿ ಜನಕ್ಕೆ. ನಿದ್ದೆ ವಿಷಯಕ್ಕೆ ಶಿರಸಿ ಕಡೆಯವರ ಮದ್ದು ಒಂದೇ, ಅಪ್ಪೆಹುಳಿ ಕುಡಿದು ಮಲಗು ತಮಾ. ಇದಕ್ಕೆ ಕಾಕ್ರೇನ್ ರಿವ್ಯೂ ಕೇಳಬೇಡಿ.

ನಿದ್ದೆ ಅಂದಾಗ ಒಂದು ಮಾತು ಹೇಳಿಯೇ ಬಿಡ್ತೇನೆ. ರೆಸಿಡೆಂಟ್‌ಗಳಿಗೆ (ಆಸ್ಪತ್ರೆಯಲ್ಲಿ ಕೆಲಸ ಮಾಡ್ತಾ ಪಿಜಿ ಓದೋರಂಥ ಡಾಕ್ಟರ್‌ಗಳು) ಡ್ಯೂಟಿ ದಿನಕ್ಕೆ 12 ಗಂಟೆ, ವಾರಕ್ಕೆ 48 ಗಂಟೆ ಅಂತ ಕೇಂದ್ರದ ರೆಸಿಡೆನ್ಸಿ ಸ್ಕೀಮಿನಲ್ಲಿ 1992ರಲ್ಲೇ ಬರೆದಿದೆ. 2024ರಲ್ಲಿ ಎನ್‌ಎಂಸಿಯ (ರಾಷ್ಟ್ರೀಯ ವೈದ್ಯಕೀಯ ಆಯೋಗ) ಟಾಸ್ಕ್ ಫೋರ್ಸ್ ವಾರಕ್ಕೆ 74 ಗಂಟೆ ದಾಟಬಾರದು, ವಾರದಲ್ಲಿ ಒಂದು ರಜೆ ಇರಬೇಕು ಅಂತ ಶಿಫಾರಸು ಮಾಡಿತು. ಅದೇ ಟಾಸ್ಕ್ ಫೋರ್ಸಿನ ಸರ್ವೆಯಲ್ಲಿ ಎಂಬಿಬಿಎಸ್ ವಿದ್ಯಾರ್ಥಿಗಳಲ್ಲಿ ಶೇ. 27.8 ಜನ ತಮಗೆ ಮಾನಸಿಕ ಆರೋಗ್ಯದ ಸಮಸ್ಯೆ ಇದೆ ಅಂತ ಹೇಳ್ಕೊಂಡಿದ್ರು. 48 ಹೋಗಿ 74 ಆದ್ರೂ ಸಾಕಪ್ಪ ಅನ್ನೋ ಸ್ಥಿತಿಗೆ ಬಂದಿದೇವೆ ಅಂದ್ರೆ ಲೆಕ್ಕ ಹಾಕಿ. ಒಂದೂವರೆ ದಿನ ನಿಂತೇ ಇದ್ದವನಿಗೆ ಬೇಕಾದದ್ದು ಹಾಸಿಗೆ, ನನ್ನ ಫೋನ್ ಅಲ್ಲ. ಯಾವುದಾದ್ರೂ ಕಾಲೇಜಿನವರು ಇಂಥ ಗುಂಪು ತೋರಿಸಿ "ನಮ್ಮಲ್ಲಿ ಸಪೋರ್ಟ್ ಇದೆ" ಅಂತ ಡ್ಯೂಟಿ ಲಿಸ್ಟ್ ಹಾಗೇ ಇಟ್ರೆ, ಆವತ್ತು ಗುಂಪು ಮುಚ್ಚೋದೇ ಒಳ್ಳೇದು ಅಂತ ನನ್ನ ಅಭಿಪ್ರಾಯ. ಗುಂಪಲ್ಲಿ ಎಲ್ಲರೂ ಒಪ್ಪೋದಿಲ್ಲ.

ಗುಟ್ಟಿನ ಬಗ್ಗೆ: ಹೇಳಿದ್ದು ಹೊರಗೆ ಹೋಗೋದಿಲ್ಲ, ಒಂದೇ ಒಂದು ಬಿಟ್ಟು. ಜೀವದ ಮಾತು ಬಂದ್ರೆ ಗುಟ್ಟು ಇಲ್ಲ, ಇದನ್ನ ಮೊದಲ ದಿನವೇ ಹೇಳಿರ್ತೇವೆ. ಅನುಮಾನ ಬಂದ್ರೆ ಸುತ್ತಿ ಬಳಸಿ ಅಲ್ಲ, "ಸಾಯಬೇಕು ಅನ್ನಿಸ್ತಾ ಇದೆಯಾ" ಅಂತ ನೇರ ಕೇಳೋದು. ಕೇಳಿದ್ರೆ ತಲೆಗೆ ಹೊಸದಾಗಿ ಹಾಕಿದ ಹಾಗೆ ಆಗ್ತದೆ ಅನ್ನೋದು ಸುಳ್ಳು. ಹೌದು ಅಂದ್ರೆ ಒಬ್ಬರನ್ನೇ ಬಿಡೋದಿಲ್ಲ, ಯಾರಾದ್ರೂ ಹತ್ತಿರ ಹೋಗಿ ಕೂರ್ತೇವೆ, ಮನೋವೈದ್ಯರ ಹತ್ತಿರ ಕರ್ಕೊಂಡು ಹೋಗ್ತೇವೆ. ಎಲ್ಲರ ಫೋನಲ್ಲೂ 14416 ಸೇವ್ ಆಗಿದೆ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರ ಅಕ್ಟೋಬರಲ್ಲಿ ಶುರುವಾದದ್ದು, ಕನ್ನಡದಲ್ಲೂ ಮಾತಾಡ್ತಾರೆ, ದಿನದ 24 ಗಂಟೆಯೂ ಇದೆ. ನಮ್ಮ ಜಿಲ್ಲೆಯಲ್ಲಿ ಫೋನಿನ ದಾರಿ ಬೇಕೇ ಬೇಕು ಯಾಕಂದ್ರೆ ಇಲ್ಲಿ ಮಾನಸಿಕ ವಿಭಾಗದ ಓಪಿಡಿ ಎದುರು ಕೂತ್ರೆ ಮಾತ್ರೆ ಕೊಡೋನು ನಿಮ್ಮ ಚಿಕ್ಕಮ್ಮನ ಭಾವನ ಮಗ ಆಗಿರ್ತಾನೆ, ನೀವು ಮನೆ ಮುಟ್ಟೋ ಮೊದಲೇ ಸುದ್ದಿ ಮುಟ್ಟಿರ್ತದೆ.

ಆಗಸ್ಟ್

ಇದನ್ನೇ ಬರೀಬೇಕು ಅಂತ ಈ ಅಪ್ಡೇಟ್ ಶುರು ಮಾಡಿದ್ದು.

ಅಂಕೋಲೆಯ ಹುಡುಗ ಒಬ್ಬ, ಘಟ್ಟದ ಮೇಲೆ ಡ್ಯೂಟಿ. ಜುಲೈಯಲ್ಲಿ ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಯೋಕೆ ಮರ ಹತ್ತಿದವರೊಬ್ಬರು ಒದ್ದೆ ಮರದಿಂದ ಜಾರಿ ಬಿದ್ರು. ಇವ ಕುತ್ತಿಗೆಗೆ ಕಾಲರ್ ಹಾಕಿ, ಡ್ರಿಪ್ ಹಾಕಿ, 108ರಲ್ಲಿ ಹುಬ್ಬಳ್ಳಿಗೆ ಕಳಿಸಿದ. ಶಿರಸಿಯಿಂದ ಹುಬ್ಬಳ್ಳಿ ಸುಮಾರು 100 ಕಿಲೋಮೀಟರ್. ಅಷ್ಟೇ, ಅಲ್ಲಿಗೆ ಇವನ ಪಾಲಿನ ಕತೆ ಮುಗೀತು. ಆಮೇಲೆ ವಾರಗಟ್ಟಲೆ ಇವನಿಗೆ ಒಂದೇ ಯೋಚನೆ, ಎತ್ತುವಾಗ ಕುತ್ತಿಗೆ ಅಲುಗಾಡಿತಾ, ಕಾಲರ್ ಸೈಜ್ ಸರಿ ಇತ್ತಾ, ದಾರಿಯಲ್ಲಿ ಎಂತ ಆಯ್ತೋ. ಫೋನ್ ಜೋಡಿಯಲ್ಲಿ ಅವನ ಪಾಲಿಗೆ ಬಂದದ್ದು ನಾನು, ಊಟ ನಿದ್ದೆ ಎಲ್ಲ ಕೇಳಿದೆ, ಎಲ್ಲಕ್ಕೂ ಹೂಂ ಅಂತಾನೆ, ಕೊನೆಗೆ "ಅಕ್ಕ, ಅವರು ಇದ್ದಾರಾ ಇಲ್ವಾ ಅಂತ ಗೊತ್ತಾದ್ರೆ ಸಾಕಿತ್ತು" ಅಂದ.

ಆವಾಗ ಗುಂಪಲ್ಲಿ ಕೇಳಿ ನೋಡಿದ್ರೆ ಎಲ್ಲರ ಹತ್ತಿರವೂ ಇಂಥದ್ದೇ ಒಂದು ಪಟ್ಟಿ ಇದೆ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಇಡೀ ಜಿಲ್ಲೆ ವರ್ಷಗಟ್ಟಲೆ ಕೂಗಿದ್ದು ಎಲ್ಲರಿಗೂ ಗೊತ್ತು. ತಲೆಗೆ ಪೆಟ್ಟು, ಹಾರ್ಟು, ನಂಜು ಏರಿದ ಹಾವಿನ ಕೇಸು, ಗಂಭೀರವಾದದ್ದೆಲ್ಲ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಕಾರವಾರದ ಕಡೆಯವರಾದ್ರೆ ಗೋವಾದ ಬಾಂಬೋಳಿ. ಇದರಿಂದ ಪೇಷೆಂಟಿಗೆ ಆಗೋ ಕಷ್ಟ ಪೇಪರಲ್ಲಿ ಬರ್ತದೆ, ಬರಲೇಬೇಕು. ಆದ್ರೆ ಇಲ್ಲಿ ಕಲೀತಾ ಇರೋ ಡಾಕ್ಟರಿಗೆ ಯಾವ ಕತೆಯ ಕೊನೆಯೂ ಗೊತ್ತಾಗೋದಿಲ್ಲ, ಕೊನೆಯ ಪುಟ ಹರಿದ ಪತ್ತೇದಾರಿ ಕಾದಂಬರಿಗಳನ್ನೇ ದಿನಾ ಓದಿದ ಹಾಗೆ. ದೊಡ್ಡ ಕಾಲೇಜಿನಲ್ಲಿ ಪಿಜಿ ಮಾಡೋರಿಗೆ ಸಾವು ಕಣ್ಣೆದುರು ಆಗ್ತದೆ, ಅದರ ಭಾರ ಬೇರೆ. ಇಲ್ಲಿ ಭಾರ ಎಂತ ಅಂದ್ರೆ ಆಂಬುಲೆನ್ಸ್ ಬಾಗಿಲು ಹಾಕಿದ ಮೇಲೆ ನಾವೇ ಕಲ್ಪಿಸಿಕೊಳ್ಳೋದು, ಕಲ್ಪನೆ ಯಾವಾಗ್ಲೂ ಕೆಟ್ಟದ್ದರ ಕಡೆಗೇ ಹೋಗೋದು.

ಹುಬ್ಬಳ್ಳಿಯಲ್ಲಿ ನಮ್ಮವಳೊಬ್ಬಳು ಪಿಜಿ ಇದ್ದಾಳೆ, ಅವಳಿಗೆ ಹೇಳಿ ಕೇಸ್ ಶೀಟ್ ನೋಡ್ಸೋದು ಸುಲಭ. ಆದ್ರೆ ಬೇಡ ಅಂತ ತೀರ್ಮಾನ ಆಯ್ತು, ತನ್ನ ಪೇಷೆಂಟ್ ಅಲ್ಲದವರ ಫೈಲ್ ತೆಗೆಯೋದು ಸರಿಯಲ್ಲ, ನಮ್ಮ ಸಮಾಧಾನಕ್ಕೆ ಇನ್ನೊಬ್ಬರ ಖಾಸಗಿತನ ಮುರಿಯಬಾರದು. ಅವಳು ಮಾಡಿದ್ದು ಇಷ್ಟೇ, ಯಾವ ಯೂನಿಟ್, ಯಾವ ಲ್ಯಾಂಡ್‌ಲೈನ್, ರೌಂಡ್ಸ್ ಮುಗಿಯೋದು ಎಷ್ಟು ಗಂಟೆಗೆ ಅಂತ ಹೇಳಿದ್ಲು. ರೆಫರ್ ಮಾಡಿದ ಡಾಕ್ಟರೇ ಹೆಸರು ಹೇಳಿ ಫೋನ್ ಮಾಡಿ ಕೇಳೋದು. ಅಂಕೋಲೆಯವ ಮೂರು ದಿನ ಹಿಂದೆ ಮುಂದೆ ನೋಡಿ ಮಾಡಿದ. ಆ ಕಡೆ ಆರ್ಥೋ ರೆಸಿಡೆಂಟ್, ಸುಸ್ತಾದ ದನಿ, "ಹಾಂ ಬದುಕ್ಯಾರ್ರೀ, ಕಾಲಿಗೆ ಶಕ್ತಿ ಇನ್ನೂ ಬಂದಿಲ್ಲ, ಕೈ ಚಲೋ ಅದಾವ, ಕುತ್ತಿಗಿ ಸರಿಯಾಗಿ ಕಟ್ಟಿ ಕಳಿಸಿದ್ರಿ" ಅಂದನಂತೆ. ಒಳ್ಳೇ ಸುದ್ದಿ ಅಂತ ಪೂರ್ತಿ ಹೇಳೋಕಾಗೋದಿಲ್ಲ. ಆದ್ರೂ ಹುಡುಗ ಅವತ್ತು ರಾತ್ರಿ ಮಲಗಿದ.

ಅಲ್ಲಿಂದ ಇದೇ ನಮ್ಮ ಮುಖ್ಯ ಕೆಲಸ ಆಗಿಬಿಟ್ಟಿದೆ. ಇನ್ನೊಂದು ದಾರಿ ಆಶಾ ಕಾರ್ಯಕರ್ತೆಯರು, ಪೇಷೆಂಟ್ ಮನೆಗೆ ಬಂದ ಮೇಲೆ ಹೇಗಿದ್ದಾರೆ ಅಂತ ಅವರಿಗೆ ಗೊತ್ತಿರ್ತದೆ, ನಾವು ಕೇಳ್ತಾ ಇರಲಿಲ್ಲ ಅಷ್ಟೇ, ಈಗ ವಾರದ ಮೀಟಿಂಗಲ್ಲಿ ಕೇಳ್ತೇನೆ. ಮೂರನೇದು, ಕಳಿಸುವಾಗಲೇ ಪೇಷೆಂಟ್ ಕಡೆಯವರ ಹತ್ತಿರ "ಒಂದು ವಾರ ಬಿಟ್ಟು ಫೋನ್ ಮಾಡಬಹುದಾ" ಅಂತ ಕೇಳಿ ನಂಬರ್ ತಗೊಳ್ಳೋದು. ಬೇಡ ಅಂದವರು ನನಗೆ ಇನ್ನೂ ಸಿಕ್ಕಿಲ್ಲ. ತೀರಿಹೋದ ಸುದ್ದಿಯೂ ಬರ್ತದೆ, ಆ ದಿನ ಫೋನ್ ಜೋಡಿಗೆ ಕೆಲಸ ಜಾಸ್ತಿ.

ಸ್ಟಾಂಪ್ ಕತೆ

ರೆಫರಲ್ ಚೀಟಿ ಮೇಲೆ ಒತ್ತೋಕೆ ಶಿರಸಿಯಲ್ಲಿ ಒಂದು ರಬ್ಬರ್ ಸ್ಟಾಂಪ್ ಮಾಡಿಸಿದೆವು: "ಮುಂದಿನ ಸ್ಥಿತಿ ದಯವಿಟ್ಟು ತಿಳಿಸಿ", ಕೆಳಗೆ ನಂಬರಿಗೆ ಖಾಲಿ ಜಾಗ. ಮೊದಲ ಸ್ಟಾಂಪ್ ದೊಡ್ಡದಾಗಿ ಡಯಾಗ್ನೋಸಿಸ್ ಮೇಲೇ ಕೂತಿತು. ಎರಡನೇದು ಸಣ್ಣದು, ಆದ್ರೆ ಮಳೆಗಾಲದ ಥಂಡಿಗೆ ನಮ್ಮಲ್ಲಿ ಕಾಗದ ಹಪ್ಪಳ ಆಗೋ ಮೊದಲಿನ ಹಿಟ್ಟಿನ ಥರ ಇರ್ತದಲ್ಲ, ಶಾಯಿ ಹರಡಿ ಓದೋಕಾಗ್ತಿರಲಿಲ್ಲ. ಅಷ್ಟರಲ್ಲಿ ಹಿರಿಯರೊಬ್ಬರು ಸರ್ಕಾರಿ ಚೀಟಿ ಮೇಲೆ ಖಾಸಗಿ ಸ್ಟಾಂಪ್ ಹ್ಯಾಗೆ ಅಂತ ಕೇಳಿದ್ರು, ಅವರು ಕೇಳಿದ್ದು ಸರಿಯೇ. ಈಗ ಬಾಲ್ ಪೆನ್ನಲ್ಲಿ ಕೈಯಾರೆ ಬರೀತೇವೆ, ನಮ್ಮ ನಂಬರ್ ಅಲ್ಲ, ಆಸ್ಪತ್ರೆ ನಂಬರ್. ಅಕ್ಷರ ಬಿಡಿಸಿ ಬರೀಬೇಕು, ಡಾಕ್ಟರ್ ಅಕ್ಷರದಲ್ಲಿ ಬರೆದ್ರೆ 7 ಯಾವುದು 1 ಯಾವುದು ದೇವರಿಗೇ ಗೊತ್ತು. ಸ್ಟಾಂಪ್ ಎರಡೂ ನನ್ನ ಡ್ರಾಯರಲ್ಲಿವೆ, ಬೇಕಾದವರು ಹೇಳಿ.

ಹೆಚ್ಚಿನ ಚೀಟಿಗೆ ಉತ್ತರ ಬರೋದಿಲ್ಲ. ಅಲ್ಲಿ ಕ್ಯಾಶುವಾಲಿಟಿಯಲ್ಲಿ ಇರೋನೂ ನಮ್ಮ ಥರದವನೇ, ಅವನಿಗೆ ಎಲ್ಲಿ ಪುರಸೊತ್ತು. ಆದ್ರೆ ಬಾಂಬೋಳಿಯಿಂದ ಒಬ್ಬ ಇಂಟರ್ನ್ ತಾನಾಗೇ ಫೋನ್ ಮಾಡಿ ಕೊಂಕಣಿಯಲ್ಲಿ ಹೇಳಿದ, ಆಮೇಲೆ "ಇಲ್ಲಿಂದ ಡಿಸ್ಚಾರ್ಜ್ ಆದವರು ಊರಿಗೆ ಹೋಗಿ ಹೇಗಿದ್ದಾರೆ ಅಂತ ನಮಗೂ ಗೊತ್ತಾಗೋದಿಲ್ಲ, ನೀವೂ ಹೇಳ್ತೀರಾ" ಅಂತ ಕೇಳಿದ. ಈಗ ಆ ಕಡೆಗೂ ಸುದ್ದಿ ಹೋಗ್ತಾ ಇದೆ.

ಬಾಕಿ ಇರೋದು

ಹುಬ್ಬಳ್ಳಿಯವಳ ಪರೀಕ್ಷೆ ಮುಗೀತಾ ಬಂತು, ಅವಳು ಬೇರೆ ಊರಿಗೆ ಹೋಗ್ತಾಳೆ, ಆ ಜಾಗಕ್ಕೆ ಒಬ್ಬರು ಬೇಕು. ಸಾಧ್ಯ ಆದ್ರೆ ಮೊದಲ ವರ್ಷದವರು, ಮೂರು ವರ್ಷ ಸಿಗ್ತಾರೆ. ಜೋಯಿಡಾ ಕಡೆ ಇರೋ ಇಬ್ಬರಿಗೆ ಫೋನ್ ಜೋಡಿ ಸರಿಯಾಗ್ತಾ ಇಲ್ಲ, ನೆಟ್‌ವರ್ಕ್ ಸಿಗೋದು ಕ್ವಾರ್ಟರ್ಸ್ ಹಿಂದಿನ ಗುಡ್ಡ ಹತ್ತಿದ್ರೆ ಮಾತ್ರ, ನೈಟ್ ಡ್ಯೂಟಿ ಮುಗಿಸಿ ಯಾರು ಹತ್ತುತ್ತಾರೆ. ಅವರಿಗೆ ದಾಂಡೇಲಿಯಲ್ಲಿ ಮುಖತಃ ಸಿಗೋ ಒಬ್ಬ ಅಣ್ಣನನ್ನೋ ಅಕ್ಕನನ್ನೋ ಹುಡುಕ್ತಾ ಇದೇವೆ. ಅಡಿಕೆ ಕೊನೆಕೊಯ್ಲು ಶುರುವಾದ್ರೆ ಮರದಿಂದ ಬೀಳೋ ಕೇಸು ಮತ್ತೆ ಬರ್ತವೆ, ಕೊನೆಗೌಡರು (ಮರ ಹತ್ತಿ ಕೊನೆ ಇಳಿಸೋರು) ಯಾರ ಮಾತೂ ಕೇಳೋದಿಲ್ಲ, ಹಾಗಾಗಿ ಅಷ್ಟರೊಳಗೆ ಈ ಎರಡೂ ಆಗ್ಬೇಕು. ಆಸಕ್ತಿ ಇದ್ದೋರು ಹೇಳಿ. ಟ್ರೈನಿಂಗ್ ಅಂತ ದೊಡ್ಡದೇನಿಲ್ಲ, ಒಂದು ಭಾನುವಾರ ಕುಮಟಾಕ್ಕೆ ಬಂದು ಬಾಯಿ ಮುಚ್ಕೊಂಡು ಕೂರೋದು ಕಲಿತ್ರೆ ಮುಗೀತು, ಅದೇ ಬಹಳ ಜನಕ್ಕೆ ಆಗ್ತಾ ಇಲ್ಲ.