ದೋಣಿ ರದ್ದಾದ ಎರಡು ದಿನ

ಬೆಳಿಗ್ಗೆ ಆರಕ್ಕೆ ಮೊಬೈಲಿಗೆ ಮೆಸೇಜ್ ಬಂತು. ಅಲೆ ಜಾಸ್ತಿ, ನೀಲ್ ದ್ವೀಪದ ದೋಣಿ ರದ್ದು. ನೀಲ್ ಅಂದರೆ ಅಂಡಮಾನಿನ ಈಗಿನ ಶಹೀದ್ ದ್ವೀಪ. 2018ರಲ್ಲಿ ಹೆಸರು ಬದಲಾಯಿತು. ನಾವು ಉಳಿದಿದ್ದ ಪೋರ್ಟ್ ಬ್ಲೇರ್ ಕೂಡ 2024ರಿಂದ ಶ್ರೀ ವಿಜಯ ಪುರಂ. ನನ್ನ ಬಾಯಿಗೆ ಮಾತ್ರ ಇನ್ನೂ ಹಳೇ ಹೆಸರೇ ಬರುತ್ತೆ.

ಮೇ ಕೊನೆಯಲ್ಲಿ ಅಂಡಮಾನಿಗೆ ಹೋದರೆ ಇನ್ನೇನಾಗುತ್ತೆ ಅಂತೀರಾ? ಮುಂಗಾರು ಕೇರಳಕ್ಕಿಂತ ಮೊದಲು ಇಲ್ಲಿಗೆ ಬರುತ್ತೆ ಅಂತ ಗೊತ್ತಿತ್ತು. ಆದರೆ ಟಿಕೆಟ್ ಅಗ್ಗಕ್ಕೆ ಸಿಕ್ಕಿತ್ತು. ಮಗಳ ಸ್ಕೂಲ್ ಶುರುವಾಗುವ ಮುಂಚೆ ಮುಗಿಸಬೇಕಿತ್ತು. ಅಪ್ಪನಿಗೆ ಎಪ್ಪತ್ತೆರಡು, ಮುಂದೂಡಿದರೆ ಅವರು ಬರೋದೇ ಇಲ್ಲ ಅಂತ ನನಗೆ ಭಯ.

ಮೊದಲ ತಪ್ಪು ನಮ್ಮದೇ. ಮಳೆ ನಿಲ್ಲಲಿ ಅಂತ ಹೋಟೆಲ್ ಕಿಟಕಿ ಮುಂದೆ ಮಧ್ಯಾಹ್ನದವರೆಗೆ ಕೂತೆವು. ಅಲ್ಲಿಯ ಮಳೆ ಒಂದು ಗಂಟೆ ಹುಯ್ಯುತ್ತೆ, ಸುಮ್ಮನಾಗುತ್ತೆ, ನಾವು ಚಪ್ಪಲಿ ಹಾಕುವಷ್ಟರಲ್ಲಿ ಮತ್ತೆ ಶುರು. ಮೇಲಾಗಿ ಅಷ್ಟು ಪೂರ್ವದಲ್ಲಿದ್ದರೂ ಗಡಿಯಾರ ನಮ್ಮದೇ. ಬೆಳಿಗ್ಗೆ ಐದಕ್ಕೇ ಬೆಳಕಾಗುತ್ತೆ, ಸಂಜೆ ಐದೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಮೋಡ ಇದ್ದರೆ ನಾಲ್ಕೂವರೆಗೇ ದೀಪ ಹಾಕಬೇಕು. ಹಾಗಾಗಿ ಮಳೆ ಇದ್ದರೂ ಬೆಳಿಗ್ಗೇನೇ ಹೊರಟುಬಿಡಿ. ಕೊಡೆ ಗಾಳಿಗೆ ಉಲ್ಟಾ ಆಗುತ್ತೆ, ರೇನ್‌ಕೋಟೇ ವಾಸಿ.

ಆ ಮಧ್ಯಾಹ್ನ ಸೆಲ್ಯುಲರ್ ಜೈಲಿಗೆ ಹೋದೆವು. 1906ಕ್ಕೆ ಕಟ್ಟಿ ಮುಗಿಸಿದ್ದು. ಏಳು ಸಾಲಿದ್ದ ಕಟ್ಟಡದಲ್ಲಿ ಈಗ ಉಳಿದಿರೋದು ಮೂರು. ಉದ್ದಕ್ಕೂ ಮೇಲೆ ಸೂರಿದೆ, ನೆನೆಯದೆ ಓಡಾಡಬಹುದು. ಆದರೆ ಅಲ್ಲಿ ನಮ್ಮ ರಜೆಯ ಗೊಣಗಾಟ ನಿಂತುಹೋಯಿತು. ಒಂದು ಸಾಲಿನ ಮುಂಭಾಗಕ್ಕೆ ಎದುರಾಗಿ ಇನ್ನೊಂದು ಸಾಲಿನ ಬೆನ್ನು ಬರುವ ಹಾಗೆ ಕಟ್ಟಿದ್ದಾರೆ, ಕೈದಿಗಳು ಒಬ್ಬರ ಮುಖ ಒಬ್ಬರು ನೋಡಬಾರದು ಅಂತ. ಮಗಳು ಒಂದು ಕೋಣೆಯೊಳಗೆ ನಿಂತು, "ಇಲ್ಲಿಂದ ಮಳೆ ಕೇಳುತ್ತೆ ಅಷ್ಟೇ, ಕಾಣಲ್ಲ" ಅಂದಳು. ಕಿಂಡಿ ಅಷ್ಟು ಎತ್ತರದಲ್ಲಿದೆ. ಸಂಜೆಯ ಧ್ವನಿ ಬೆಳಕು ಕಾರ್ಯಕ್ರಮ ಬಯಲಲ್ಲಿ ನಡೆಯುತ್ತೆ, ನಾವು ಬಿಟ್ಟೆವು.

ಮಾರನೇ ದಿನವೂ ದೋಣಿ ಇಲ್ಲ. ನೀಲ್‌ನಲ್ಲಿ ಕಾದಿರಿಸಿದ್ದ ರೂಮಿನವರು ದುಡ್ಡು ವಾಪಸ್ ಕೊಡಲ್ಲ ಅಂದರು. ಆ ಸಿಟ್ಟಿನಲ್ಲೇ ನೌಕಾಪಡೆಯ ಸಮುದ್ರಿಕಾ ಮ್ಯೂಸಿಯಂಗೆ ಹೋದೆವು. ಹೊರಗೇ ನೀಲಿ ತಿಮಿಂಗಿಲದ ಅಸ್ಥಿಪಂಜರ ಇದೆ. ಒಳಗೆ ಚಿಪ್ಪು, ಹವಳ. ಟ್ರೋಕಸ್ ಅನ್ನೋ ಚಿಪ್ಪಿನಿಂದ ಹಿಂದೆ ಅಂಗಿ ಗುಂಡಿ ಮಾಡುತ್ತಿದ್ದರಂತೆ. ಅದನ್ನು ತಿಳಿದ ಮೇಲೆ ಮಗಳು ಎಲ್ಲರ ಅಂಗಿಯ ಗುಂಡಿ ಪರೀಕ್ಷೆ ಮಾಡತೊಡಗಿದಳು. ಎಲ್ಲಾ ಪ್ಲಾಸ್ಟಿಕ್. ಹಾಂ, ಬೀಚಲ್ಲಿ ಸಿಕ್ಕ ಹವಳದ ತುಂಡು ಬ್ಯಾಗಿಗೆ ಹಾಕಿಕೊಳ್ಳಬೇಡಿ, ತರೋದು ನಿಷೇಧ.

ಅಪ್ಪ ಇದೆಲ್ಲದರಲ್ಲೂ ಸುಮ್ನೆ ಹಿಂದೆ ಹಿಂದೆ ಬರುತ್ತಿದ್ದರು. ಅವರು ಮೂವತ್ತು ವರ್ಷ ಒಂದು ಸಾಮಿಲ್‌ನಲ್ಲಿ ಲೆಕ್ಕ ಬರೆದವರು. ಚಾಥಮ್‌ನಲ್ಲಿ ಒಂದು ಸಾಮಿಲ್ ಇದೆ, 1883ರದ್ದು ಅಂದೆ. "ಮೊದಲೇ ಹೇಳಬಾರದಾ?" ಅಂದರು.

ಚಾಥಮ್ ಪುಟ್ಟ ದ್ವೀಪ. ಊರಿನಿಂದ ಸೇತುವೆ ಇದೆ, ಆಟೋ ನೇರ ಹೋಗುತ್ತೆ. ಮಳೆಯಲ್ಲಿ ನೆನೆದ ದಿಮ್ಮಿಗಳ ವಾಸನೆ ಗೇಟಿನ ಹತ್ತಿರವೇ ಮೂಗಿಗೆ ಬಂತು. ಶೆಡ್ಡಿನೊಳಗೆ ಗರಗಸದ ಕೂಗು, ಮೇಲೆ ಶೀಟಿನ ಮೇಲೆ ಮಳೆ. ಇಬ್ಬರೂ ಕಿರುಚಿದರಷ್ಟೇ ಮಾತು. ದಿಮ್ಮಿಯ ಒಂದು ಮಗ್ಗುಲು ಸೀಳಿ ಬಿದ್ದಾಗ ಒಳಗಿನ ಮರ ಕುಂಕುಮದ ಹಾಗೆ ಕೆಂಪಗಿತ್ತು. ಪಡೌಕ್ ಅನ್ನೋ ಮರ. ಅಪ್ಪ ಬಿದ್ದಿದ್ದ ಸಿಬಿರು ಎತ್ತಿ, ಉಗುರಿನಿಂದ ಕೆರೆದು, ಮೂಸಿ, "ಇದು ಹೊನ್ನೆಯ ಜಾತಿ ಕಣೋ" ಅಂದರು. ಆಮೇಲೆ ಹುಡುಕಿ ನೋಡಿದೆ. ನಿಜ. ಹೊನ್ನೆ, ರಕ್ತಚಂದನ, ಪಡೌಕ್ ಮೂರೂ ಒಂದೇ ಕುಲ. ಈ ಕೆಂಪು ಹಾಗೇ ಉಳಿಯಲ್ಲ, ಗಾಳಿ ಬೆಳಕಿಗೆ ಬರಬರುತ್ತಾ ಕಂದಾಗುತ್ತೆ ಅಂತಲೂ ಅವರೇ ಹೇಳಿದ್ದು.

ಅಂಗಳದಲ್ಲಿ ಒಂದು ದೊಡ್ಡ ಗುಂಡಿ ಇದೆ. 1942ರಲ್ಲಿ ಜಪಾನಿನವರು ಹಾಕಿದ ಬಾಂಬಿನದು. ಮಗಳು ಅದನ್ನು ಒಂದು ನಿಮಿಷ ನೋಡಿದಳು. ಅವಳ ಗಮನ ಪಕ್ಕದ ಗೋಡೆ ಮೇಲೆ ತೆವಳುತ್ತಿದ್ದ ಬಸವನಹುಳದ ಮೇಲೆ. ನನ್ನ ಮುಷ್ಟಿಯಷ್ಟಿತ್ತು. ಆಫ್ರಿಕಾದ ದೈತ್ಯ ಬಸವನಹುಳ. ಯುದ್ಧದ ಕಾಲಕ್ಕೆ ಇದನ್ನೂ ಇಲ್ಲಿಗೆ ತಂದವರು ಜಪಾನಿನವರೇ, ತಿನ್ನೋಕೆ. ಮುಟ್ಟಬೇಡ ಅಂತ ಅವಳನ್ನು ಹಿಂದಕ್ಕೆ ಎಳೆದೆ, ಅದರಲ್ಲಿ ರೋಗ ತರುವ ಹುಳು ಇರಬಹುದು. ಅವಳು ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ಅದು ಒಂದು ಇಟ್ಟಿಗೆ ದಾಟುವವರೆಗೆ ಏಳಲಿಲ್ಲ. ಅಪ್ಪನೂ ಶೆಡ್ಡು ಬಿಟ್ಟು ಬರಲಿಲ್ಲ. ಮೂರು ಗಂಟೆ ಅಲ್ಲೇ ಕಳೆಯಿತು.

ಹೋಗೋದಾದರೆ ಭಾನುವಾರ ಬೇಡ, ಮಿಲ್‌ಗೆ ರಜೆ. ಸಮುದ್ರಿಕಾಗೆ ಸೋಮವಾರ ರಜೆ. ಹೊರಡುವ ಮುಂಚೆ ಹೋಟೆಲಿನಲ್ಲಿ ಒಂದ್ಸಲ ಕೇಳಿಬಿಡಿ.

ಮೂರನೇ ದಿನ ದೋಣಿ ಹೊರಟಿತು. ಸಮುದ್ರ ಇನ್ನೂ ಬೂದಿ ಬಣ್ಣದಲ್ಲೇ ಇತ್ತು. ಎಲ್ಲರೂ ಕಿಟಕಿಗೆ ಮುಖ ಅಂಟಿಸಿದ್ದರು. ಅಪ್ಪ ಪಕ್ಕದ ಗೋಡೆಯನ್ನು ಬೆರಳಿನಿಂದ ತಟ್ಟಿ, ಕಿವಿಗೊಟ್ಟು, "ಪ್ಲೈವುಡ್ಡು" ಅಂತ ಮುಖ ಹಿಂಡಿದರು.